ನೀರಿಗೆ ದಾಕ್ಷಿಣ್ಯವಿಲ್ಲ

ಮನುಷ್ಯರ ನಡುವಣ ವ್ಯವಹಾರದಲ್ಲಿ ದಾಕ್ಷಿಣ್ಯಕ್ಕೆ ದೊಡ್ಡ ಸ್ಥಾನವುಂಟು. ಊಟದ ಪಂಕ್ತಿ ತುಂಬಿದ ಮೇಲೆ ಅತಿಥಿಯೊಬ್ಬ ಬಂದರೆ ಕುಳಿತವರು ತುಸು ಸರಿದು ಅವನಿಗೆ ಎಡೆ ಮಾಡಿಕೊಡುತ್ತಾರೆ. ಬಸ್ಸು ಕಿಕ್ಕಿರಿದಿದ್ದರೂ ಕೂಸನ್ನೆತ್ತಿಕೊಂಡ ತಾಯಿಗೆ ಯಾರಾದರೊಬ್ಬರು ಎದ್ದು ಜಾಗ ಬಿಡುತ್ತಾರೆ. ಇಂಥ ಸಂದರ್ಭಗಳಲ್ಲಿ 'ಇಲ್ಲ' ಎನ್ನುವುದು ಒರಟುತನ. 'ಬನ್ನಿ' ಎನ್ನುವುದು ಸಜ್ಜನಿಕೆ. ಸಮಾಜದ ಬಾಳು ನಡೆಯುತ್ತಿರುವುದೇ ಇಂಥ ಸಣ್ಣಪುಟ್ಟ ಹೊಂದಾಣಿಕೆಗಳಿಂದ. ಆದರೆ ಹೊಳೆಯ ದಡದಲ್ಲಿ ಈ ಸದ್ಗುಣವನ್ನು ತುಸು ತಡೆದು ನಿಲ್ಲಿಸಬೇಕಾಗುತ್ತದೆ. ತುಂಬಿದ ದೋಣಿಗೆ 'ಇನ್ನೊಬ್ಬರು ತಾನೆ, ಹತ್ತಲಿ' ಎಂದು ಕೈಚಾಚಿ ಕರೆಯುವವನು ಉಪಕಾರ ಮಾಡುತ್ತಿರುವಂತೆ ಕಾಣುತ್ತಾನೆ; ವಾಸ್ತವವಾಗಿ ಅವನು ದೋಣಿಯಲ್ಲಿರುವ ಎಲ್ಲರ ಪ್ರಾಣವನ್ನೂ ಪಣಕ್ಕೆ ಒಡ್ಡುತ್ತಿರುತ್ತಾನೆ. ಏಕೆಂದರೆ ನೀರಿಗೆ ದಾಕ್ಷಿಣ್ಯವೆಂಬುದಿಲ್ಲ. ದೋಣಿಯೇರಿದವನು ಬಡವನೋ ಬಲ್ಲಿದನೋ, ಮದುವೆಗೆ ಹೊರಟವನೋ ಮಡಿದವರ ಮನೆಗೆ ಹೊರಟವನೋ ಎಂದು ಅದು ವಿಚಾರಿಸುವುದಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಭಾರ ಎಷ್ಟು? ಆ ಭಾರ ಎಲ್ಲಿದೆ?

ಈ ಪ್ರಶ್ನೆಗಳ ಮರ್ಮವನ್ನು ತಿಳಿಯಬೇಕಾದರೆ ವಸ್ತುಗಳು ನೀರಿನಲ್ಲಿ ತೇಲುವುದೂ ಮುಳುಗುವುದೂ ಹೇಗೆಂಬುದನ್ನು ಮೊದಲು ಅರಿಯಬೇಕು. ಬಾವಿಯಿಂದ ನೀರು ಸೇದಿದವರಿಗೆಲ್ಲ ಒಂದು ಸಂಗತಿ ಅನುಭವದಿಂದ ಗೊತ್ತು. ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರವಾಗಿ ಮೇಲೇರುತ್ತದೆ. ಅದು ನೀರಿನ ಮೈಯನ್ನು ಬಿಟ್ಟು ಮೇಲೆದ್ದ ಕೂಡಲೇ ಹಗ್ಗ ಕೈಯನ್ನು ಜಗ್ಗುತ್ತದೆ. ಆ ಕ್ಷಣದಲ್ಲಿ ಕೊಡದ ತೂಕವೇನೂ ಹೆಚ್ಚಲಿಲ್ಲ. ಅದುವರೆಗೆ ಸುತ್ತಲಿನ ನೀರು ಕೊಡುತ್ತಿದ್ದ ಆಸರೆ ತಪ್ಪಿತು, ಅಷ್ಟೆ. ನೀರಿನಲ್ಲಿ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಆದುದರಿಂದ ಮುಳುಗಿದ ವಸ್ತುವಿನ ಮೇಲ್ಭಾಗವನ್ನು ನೀರು ಕೆಳಕ್ಕೆ ಒತ್ತುವುದಕ್ಕಿಂತ ಅದರ ತಳಭಾಗವನ್ನು ಮೇಲಕ್ಕೆ ಒತ್ತುವುದು ಹೆಚ್ಚು. ಇವೆರಡರ ವ್ಯತ್ಯಾಸವೇ ವಸ್ತುವನ್ನು ಮೇಲಕ್ಕೆತ್ತುವ ಬಲ. ಅದನ್ನು ಪ್ಲವನ ಬಲ ಎನ್ನುತ್ತಾರೆ. ಗುರುತ್ವಾಕರ್ಷಣೆ ವಸ್ತುವನ್ನು ಕೆಳಕ್ಕೆ ಎಳೆಯುತ್ತದೆ. ಪ್ಲವನ ಬಲ ಮೇಲಕ್ಕೆ ತಳ್ಳುತ್ತದೆ. ಮೊದಲನೆಯದು ಗೆದ್ದರೆ ವಸ್ತು ಮುಳುಗುತ್ತದೆ. ಎರಡನೆಯದು ಗೆದ್ದರೆ ಮೇಲೇಳುತ್ತದೆ. ಎರಡೂ ಸಮನಾದೆಡೆಯಲ್ಲಿ ತೇಲಿ ನಿಲ್ಲುತ್ತದೆ.

ಈ ಬಲದ ಅಳತೆಯನ್ನು ಮೊದಲು ಕಂಡುಕೊಟ್ಟವನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಬಾಳಿದ ಆರ್ಕಿಮಿಡೀಸ್. ರಾಜನ ಕಿರೀಟದ ಕಥೆ, ಸ್ನಾನದ ತೊಟ್ಟಿಯಿಂದೆದ್ದು ಓಡಿದ ಕಥೆ ಎಲ್ಲರಿಗೂ ಪರಿಚಿತವಾದವು. ಅವನ್ನು ಬರೆದಿಟ್ಟವನು ಅವನ ತರುವಾಯ ಸುಮಾರು ಎರಡು ಶತಮಾನಗಳ ಮೇಲೆ ಬಂದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್. ಕಥೆ ಹಾಗಿರಲಿ; ಆರ್ಕಿಮಿಡೀಸನ ನಿಜವಾದ ಹಿರಿಮೆ ತೇಲುವ ವಸ್ತುಗಳನ್ನು ಕುರಿತು ಅವನು ರಚಿಸಿದ ಗ್ರಂಥದಲ್ಲಿದೆ. ವಸ್ತುವೊಂದು ಎಷ್ಟು ನೀರನ್ನು ಅದರ ಸ್ಥಾನದಿಂದ ಕದಲಿಸಿ ತಾನು ಅಲ್ಲಿ ನೆಲೆಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ ಎಂಬ ತತ್ತ್ವ ಅವನದು. ಅಷ್ಟಕ್ಕೇ ಅವನು ನಿಲ್ಲಲಿಲ್ಲ. ತೇಲುವ ವಸ್ತುವನ್ನು ಓರೆಯಾಗಿಸಿದರೆ ಅದು ಮತ್ತೆ ನೆಟ್ಟಗಾಗುವುದೋ ಅಥವಾ ಮಗುಚುವುದೋ ಎಂಬುದನ್ನೂ ಗಣಿತದಿಂದ ವಿಚಾರಿಸಿದ. ನೀರು ಕೇಳುವ ಎರಡು ಪ್ರಶ್ನೆಗಳನ್ನೂ ಇಪ್ಪತ್ತೆರಡು ಶತಮಾನಗಳ ಹಿಂದೆಯೇ ಅವನು ಕೇಳಿಸಿಕೊಂಡಿದ್ದ.

ಸೂಜಿ ಮುಳುಗುತ್ತದೆ, ಸಾವಿರಾರು ಟನ್ ತೂಕದ ಉಕ್ಕಿನ ಹಡಗು ತೇಲುತ್ತದೆ. ಇದು ಮೇಲುನೋಟಕ್ಕೆ ವಿಚಿತ್ರವಾದರೂ ಇದರಲ್ಲಿ ಮಾಯೆಯೇನೂ ಇಲ್ಲ. ಕಬ್ಬಿಣ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 7.8 ಪಾಲು ಭಾರ. ಗಟ್ಟಿಯಾದ ಕಬ್ಬಿಣದ ತುಂಡು ಪೂರ್ತಿ ಮುಳುಗಿದರೂ ಅದು ಕದಲಿಸುವ ನೀರಿನ ತೂಕ ಅದರ ತೂಕಕ್ಕೆ ಸಾಟಿಯಾಗಲಾರದು. ಅದೇ ಕಬ್ಬಿಣವನ್ನು ಬಡಿದು ತಗಡಾಗಿಸಿ ಬೋಗುಣಿಯ ರೂಪ ಕೊಟ್ಟರೆ ಲೋಹದ ಜೊತೆಗೆ ಅದರೊಳಗಿನ ಬಯಲೂ ನೀರನ್ನು ಕದಲಿಸುತ್ತದೆ. ಹಡಗೆಂದರೆ ಲೋಹದ ಗೋಡೆ ಕಟ್ಟಿ ಕಾಪಾಡಿಕೊಂಡ ಬಯಲು. ಆ ಬಯಲು ಇರುವವರೆಗೆ ಹಡಗು ತೇಲುತ್ತದೆ. ನೀರು ಒಳಹೊಕ್ಕು ಬಯಲನ್ನು ಆಕ್ರಮಿಸಿದರೆ ಅತಿ ದೊಡ್ಡ ಹಡಗೂ ಸೂಜಿಯ ಗತಿಯನ್ನೇ ಪಡೆಯುತ್ತದೆ.

ಈ ವಿದ್ಯೆ ಗ್ರಂಥಗಳಿಂದಲೇ ಬಂದುದಲ್ಲ. ತುಂಗಭದ್ರೆಯ ಹರಿಗೋಲು ಇದಕ್ಕೆ ಒಳ್ಳೆಯ ಸಾಕ್ಷಿ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿದ್ದ ಈ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಒಂದೊಂದರಲ್ಲಿ ಹದಿನೈದರಿಂದ ಇಪ್ಪತ್ತು ಜನ ಹೊಳೆ ದಾಟುತ್ತಿದ್ದರೆಂದೂ ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ ಅವನು ಹೇಳುತ್ತಾನೆ. ಚಕ್ರವರ್ತಿಯ ರಾಜಧಾನಿಯ ಜನಸಂಚಾರವನ್ನು ಹೊತ್ತ ಆ ಹಗುರವಾದ ಬುಟ್ಟಿ ಇಂದಿಗೂ ಹಂಪೆ ಆನೆಗೊಂದಿಗಳ ನಡುವೆ ತೇಲುತ್ತಿದೆ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಅಷ್ಟೆ.

ಹರಿಗೋಲಿನ ಲೆಕ್ಕವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ಎರಡು ಮೀಟರು ವ್ಯಾಸದ, ನೇರವಾದ ಗೋಡೆಯ ಒಂದು ಹರಿಗೋಲನ್ನು ಕಲ್ಪಿಸಿಕೊಂಡರೆ ಅದರ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರು. ಅದು ಒಂದು ಸೆಂಟಿಮೀಟರು ಕೆಳಗಿಳಿದರೆ ಸುಮಾರು 31 ಲೀಟರು ನೀರು ಕದಲುತ್ತದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಆದುದರಿಂದ 60 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯ ಹತ್ತಿದರೆ ಹರಿಗೋಲು ಹೆಚ್ಚುಕಡಮೆ ಎರಡು ಸೆಂಟಿಮೀಟರು ಕೆಳಗಿಳಿಯುತ್ತದೆ. ದೋಣಿಯ ಅಂಚು ನೀರಿನಿಂದ 20 ಸೆಂಟಿಮೀಟರು ಮೇಲಿದೆ ಎಂದಿಟ್ಟುಕೊಂಡರೆ ಇನ್ನೂ ಹತ್ತು ಮಂದಿಗೆ ಅವಕಾಶವಿದೆ ಎಂದು ಬರಿಯ ಗಣಿತ ಹೇಳೀತು. ಆದರೆ ಹತ್ತನೆಯವನು ಹತ್ತಿದಾಗ ಅಂಚೂ ನೀರೂ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಮೇಲೆ ಒಂದು ತೆರೆ ಎದ್ದರೆ, ಒಬ್ಬನು ಕುಳಿತಲ್ಲಿಂದ ಮಗ್ಗುಲು ಬದಲಿಸಿದರೆ ನೀರು ಒಳನುಗ್ಗುತ್ತದೆ. ಹಾಗಾಗಿ ನೀರಿನ ಮೇಲೆ ಉಳಿಯುವ ಅಂಚು ವ್ಯರ್ಥವಾಗಿ ಬಿಟ್ಟ ಸ್ಥಳವಲ್ಲ. ಗಾಳಿಗಾಗಿ, ತೆರೆಗಾಗಿ, ಮನುಷ್ಯನ ಅಜಾಗರೂಕತೆಗಾಗಿ ಕಾದಿಟ್ಟ ಮೀಸಲು ಅದು. ಬರಿದಾಗಿ ಕಾಣುವ ಆ ನಾಲ್ಕು ಬೆರಳಿನ ಅಂಚಿನಲ್ಲಿ ದೋಣಿಯವರೆಲ್ಲರ ಆಯುಸ್ಸು ಅಡಗಿದೆ.

ಇದು ಮೊದಲನೆಯ ಪ್ರಶ್ನೆಯ ಮಾತಾಯಿತು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಭಾರ ಮಿತಿಯೊಳಗೆ ಇದ್ದರೂ ಅದು ಇರಬಾರದ ಸ್ಥಳದಲ್ಲಿದ್ದರೆ ದೋಣಿ ಮಗುಚುತ್ತದೆ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಹೆಚ್ಚಿನ ಭಾಗ ನೀರಿನಲ್ಲಿ ಇಳಿಯುತ್ತದೆ. ಪ್ಲವನ ಬಲವೂ ಆ ಪಕ್ಕಕ್ಕೆ ಸರಿದು ದೋಣಿಯನ್ನು ಮತ್ತೆ ಎತ್ತಿ ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ದೋಣಿಯ ಗುರುತ್ವ ಕೇಂದ್ರ ತಗ್ಗಿನಲ್ಲಿದ್ದರೆ ಈ ಯತ್ನ ಸಫಲವಾಗುತ್ತದೆ. ಭಾರವೆಲ್ಲ ಮೇಲೆ ಸೇರಿ ಗುರುತ್ವ ಕೇಂದ್ರ ಬಹಳ ಎತ್ತರಕ್ಕೆ ಹೋಗಿದ್ದರೆ, ವಾಲಿದ ದೋಣಿಯನ್ನು ಅದರ ತೂಕವೇ ಇನ್ನಷ್ಟು ವಾಲಿಸುತ್ತದೆ. ಅಂಬಿಗನು 'ಎದ್ದು ನಿಲ್ಲಬೇಡಿ, ಕುಳಿತುಕೊಳ್ಳಿ' ಎಂದು ಗದರಿಸುವುದು ಈ ಕಾರಣದಿಂದ. ನಿಂತವನ ತೂಕ ಕುಳಿತವನ ತೂಕಕ್ಕಿಂತ ಒಂದು ಗುಂಜಿಯೂ ಹೆಚ್ಚಲ್ಲ. ಆದರೆ ಅದು ಇರುವ ಎತ್ತರ ಬೇರೆ.

ಈ ಎರಡನೆಯ ಪ್ರಶ್ನೆಯನ್ನು ಅಲಕ್ಷಿಸಿದ್ದರ ಫಲವನ್ನು ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ನಗರದಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಅಲ್ಲಿಯ ವಸ್ತುಸಂಗ್ರಹಾಲಯವೊಂದರಲ್ಲಿ 'ವಾಸಾ' ಎಂಬ ಹಡಗು ನಿಂತಿದೆ. ದೊರೆ ಗುಸ್ತಾವ್ ಅಡಾಲ್ಫನ ಅಪ್ಪಣೆಯಂತೆ ಕಟ್ಟಿದ ಆ ಯುದ್ಧನೌಕೆಯಲ್ಲಿ 64 ಫಿರಂಗಿಗಳಿದ್ದವು. ಅವುಗಳ ಬಹುಭಾಗ ಒಂದರ ಮೇಲೊಂದರಂತೆ ಎರಡು ಅಂತಸ್ತುಗಳಲ್ಲಿ ಸಾಲುಗೊಂಡಿದ್ದವು. ಒಡಲು ಕಿರಿದು, ತಲೆ ಭಾರ. ಹಡಗು ಹೊರಡುವ ಮೊದಲೇ ಅದರ ಸ್ಥಿರತೆಯನ್ನು ಪರೀಕ್ಷಿಸಲು ಮೂವತ್ತು ಜನರನ್ನು ಮೇಲಂತಸ್ತಿನಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಟ್ಟಾಗಿ ಓಡಿಸಿ ನೋಡಲಾಯಿತು. ಮೂರು ಸಲ ಓಡುವಷ್ಟರಲ್ಲಿ ಹಡಗು ಅಪಾಯಕರವಾಗಿ ತೊನೆಯತೊಡಗಿತು. ಅದನ್ನು ನೋಡುತ್ತಿದ್ದ ನೌಕಾಧಿಕಾರಿ ಫ್ಲೆಮಿಂಗ್ ಪರೀಕ್ಷೆಯನ್ನು ನಿಲ್ಲಿಸಿದ, ಹಡಗನ್ನು ನಿಲ್ಲಿಸಲಿಲ್ಲ. ದೊರೆ ದೂರದ ರಣರಂಗದಲ್ಲಿದ್ದ. ಹಡಗು ಬೇಗ ಹೊರಡಲೆಂದು ಆತುರಪಡಿಸುತ್ತಿದ್ದ. ಅವನಿಗೆ ಅಪ್ರಿಯವಾದ ವರದಿಯನ್ನು ಮುಟ್ಟಿಸಲು ಯಾರೂ ಮುಂದಾಗಲಿಲ್ಲ.

1628ರ ಆಗಸ್ಟ್ 10ರಂದು ಜನಸಂದಣಿಯ ಹರ್ಷೋದ್ಗಾರದ ನಡುವೆ ವಾಸಾ ಹೊರಟಿತು. ಫಿರಂಗಿಗಳ ಗವಾಕ್ಷಿಗಳನ್ನು ತೆರೆದಿಟ್ಟಿದ್ದರು. ಹಡಗು ಸುಮಾರು 1,300 ಮೀಟರು ಸಾಗುವಷ್ಟರಲ್ಲಿ ಗಾಳಿಯ ಒಂದು ಬೀಸು ಅದನ್ನು ವಾಲಿಸಿತು. ಕೆಳಗಿನ ಗವಾಕ್ಷಿಗಳಿಂದ ನೀರು ಒಳಹೊಕ್ಕಿತು. ದಡದ ಮೇಲಿದ್ದವರ ಕಣ್ಣೆದುರಿಗೇ ಆ ವೈಭವ ಮುಳುಗಿಹೋಯಿತು. ಸುಮಾರು ಮೂವತ್ತು ಜನ ಮಡಿದರು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. 1961ರಲ್ಲಿ ಮೇಲೆತ್ತಲಾದ ಆ ಹಡಗಿನ ಕೆತ್ತನೆಯ ಸೊಬಗನ್ನು ಮೆಚ್ಚುವವರು ಬಹಳ. ಆದರೆ ಅದರ ಪಾಠ ಕೆತ್ತನೆಯಲ್ಲಿಲ್ಲ; ಆ ಪರೀಕ್ಷೆಯ ಅನಂತರದ ಮೌನದಲ್ಲಿದೆ. ಅಪಾಯವನ್ನು ಕಂಡವರಿದ್ದರು, ಆಡಿದವರಿಲ್ಲ. ದೊರೆಯ ಮುಂದೆ ದಾಕ್ಷಿಣ್ಯ ಅವರ ಬಾಯಿಯನ್ನು ಕಟ್ಟಿತು. ನೀರು ದೊರೆಯ ದಾಕ್ಷಿಣ್ಯಕ್ಕೂ ಒಳಗಾಗಲಿಲ್ಲ.

ದೊರೆಯ ಭಯ ಒಂದು ಬಗೆಯಾದರೆ ಹಣದ ಆಸೆ ಇನ್ನೊಂದು ಬಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವ್ಯಾಪಾರ ಲೋಕವನ್ನೆಲ್ಲ ವ್ಯಾಪಿಸಿದಾಗ ಕೆಲವು ಹಡಗುಮಾಲೀಕರು ಹಳೆಯ, ಜೀರ್ಣವಾದ ಹಡಗುಗಳಲ್ಲಿ ಮಿತಿಮೀರಿ ಸರಕು ತುಂಬಿ ಕಳುಹಿಸುತ್ತಿದ್ದರು. ಹಡಗಿಗೆ ಭಾರಿ ಮೊತ್ತದ ವಿಮೆ ಇರುತ್ತಿತ್ತು. ಹಡಗು ದಡ ಸೇರಿದರೆ ಬಾಡಿಗೆಯ ಲಾಭ, ಮುಳುಗಿದರೆ ವಿಮೆಯ ಹಣ. ನಷ್ಟವೆಲ್ಲ ನಾವಿಕರ ಹೆಂಡಿರು ಮಕ್ಕಳ ಪಾಲಿಗೆ. ಜನ ಅವನ್ನು ಶವಪೆಟ್ಟಿಗೆಯ ಹಡಗುಗಳೆಂದು ಕರೆದರು. ಹಡಗುಮಾಲೀಕರೆಲ್ಲರೂ ಅಂಥವರೇನಲ್ಲ, ಹಡಗಿನ ಭಾರಕ್ಕೆ ಮಿತಿಯಿರಬೇಕೆಂದು ಮೊದಲು ವಾದಿಸಿದವರಲ್ಲಿ ಜೇಮ್ಸ್ ಹಾಲ್ ಎಂಬ ಹಡಗುಮಾಲೀಕನೂ ಒಬ್ಬ. ಆ ವಾದವನ್ನು ದೇಶದ ಮನಸ್ಸಿಗೆ ಮುಟ್ಟಿಸಿದವನು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್. 1824ರಲ್ಲಿ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ ಪ್ಲಿಮ್‌ಸಾಲ್ ಕಲ್ಲಿದ್ದಲಿನ ವ್ಯಾಪಾರಿ. 1868ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದ. 1873ರಲ್ಲಿ ನಾವಿಕರ ದುಃಸ್ಥಿತಿಯನ್ನು ಕುರಿತು ಪುಸ್ತಕವೊಂದನ್ನು ಬರೆದು ಪ್ರಕಟಿಸಿದ.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ನಾವಿಕರ ರಕ್ಷಣೆಯ ಮಸೂದೆಯನ್ನು ಕೈಬಿಡುವುದಾಗಿ ಸಾರಿದಾಗ ಪ್ಲಿಮ್‌ಸಾಲ್ ಸಭೆಯ ಮರ್ಯಾದೆಯನ್ನು ಮರೆತ. ಕೆಲವು ಸದಸ್ಯರನ್ನು ನೀಚರೆಂದು ಕರೆದು ಮುಷ್ಟಿ ತೋರಿಸಿ ಕೂಗಾಡಿದ. ಅನಂತರ ಸಭೆಯ ಕ್ಷಮೆ ಕೇಳಿದ. ಆದರೆ ಆ ಕೂಗು ದೇಶಕ್ಕೆಲ್ಲ ಕೇಳಿಸಿತ್ತು. ಆ ವರ್ಷವೇ ತಾತ್ಕಾಲಿಕವಾದ ಶಾಸನ ಬಂತು. 1876ರ ಶಾಸನ ಹಡಗಿನ ಮಗ್ಗುಲಿನ ಮೇಲೆ ಭಾರರೇಖೆಯನ್ನು ಎಳೆಯುವುದನ್ನು ಕಡ್ಡಾಯ ಮಾಡಿತು. ಅದರಲ್ಲಿ ದೊಡ್ಡದೊಂದು ಕೊರತೆಯಿತ್ತು: ರೇಖೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕನ ಇಷ್ಟಕ್ಕೇ ಬಿಟ್ಟಿತ್ತು. 1890ರ ಶಾಸನದಿಂದ ಆ ಕೊರತೆ ನೀಗಿ ಸ್ಥಾನವನ್ನು ಸರ್ಕಾರವೇ ಗೊತ್ತುಪಡಿಸುವಂತಾಯಿತು. 1930ರಲ್ಲಿಯೂ ಮತ್ತೆ 1966ರಲ್ಲಿಯೂ ರಾಷ್ಟ್ರಗಳು ಒಟ್ಟುಗೂಡಿ ಭಾರರೇಖೆಯನ್ನು ಕುರಿತು ಒಪ್ಪಂದ ಮಾಡಿಕೊಂಡವು.

ಬಂದರಿನಲ್ಲಿ ನಿಂತ ಯಾವ ದೊಡ್ಡ ಸರಕುಹಡಗಿನ ಮಗ್ಗುಲನ್ನು ನೋಡಿದರೂ ಆ ಗುರುತು ಕಾಣುತ್ತದೆ: ಒಂದು ವೃತ್ತ, ಅದರ ನಡುವೆ ಅಡ್ಡಗೆರೆ, ಪಕ್ಕದಲ್ಲಿ ಮೆಟ್ಟಿಲುಗಳಂತೆ ಇನ್ನೂ ಕೆಲವು ಗೆರೆಗಳು. ಒಂದು ಸಿಹಿನೀರಿಗೆ, ಒಂದು ಉಷ್ಣವಲಯದ ಕಡಲಿಗೆ, ಒಂದು ಬೇಸಗೆಗೆ, ಒಂದು ಚಳಿಗಾಲಕ್ಕೆ. ಇವು ಅಲಂಕಾರಕ್ಕಾಗಿ ಬಂದವಲ್ಲ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು ಎರಡೂವರೆಯಷ್ಟು ಹೆಚ್ಚು ಸಾಂದ್ರ. ಆದುದರಿಂದ ಕಡಲಿನಿಂದ ನದಿಯೊಳಕ್ಕೆ ಬಂದ ಹಡಗು ಒಂದು ಮೂಟೆಯನ್ನೂ ಹೊಸದಾಗಿ ಏರಿಸದೆ ಇನ್ನಷ್ಟು ಕೆಳಗಿಳಿಯುತ್ತದೆ. ಬೆಚ್ಚನೆಯ ನೀರು ತಣ್ಣನೆಯ ನೀರಿಗಿಂತ ತುಸು ಹಗುರ. ಚಳಿಗಾಲದಲ್ಲಿ ತೆರೆಗಳ ಹಾವಳಿ ಹೆಚ್ಚು. ಆಗ ಮೀಸಲು ಅಂಚೂ ಹೆಚ್ಚಿರಬೇಕು. ಹೀಗೆ ಆರ್ಕಿಮಿಡೀಸನ ತತ್ತ್ವ ಗ್ರಂಥದಿಂದ ಇಳಿದು ಬಂದು ಹಡಗಿನ ಮೈಮೇಲೆ ಬಣ್ಣದ ಗೆರೆಯಾಗಿ ನಿಂತಿತು. ಪ್ರಕೃತಿಯ ನಿಯಮವನ್ನು ಮನುಷ್ಯ ತನ್ನ ನಿಯಮವನ್ನಾಗಿ ಮಾಡಿಕೊಂಡ ಉಜ್ಜ್ವಲ ಉದಾಹರಣೆಗಳಲ್ಲಿ ಇದೊಂದು. ಓದು ಬಾರದ ಕೂಲಿಯಾಳೂ ಆ ಗೆರೆಯನ್ನು ನೋಡಿ 'ಸಾಕು' ಎನ್ನಬಹುದು. ಅವನ ಮಾತನ್ನು ಕೋಟ್ಯಧೀಶನಾದ ಮಾಲೀಕನೂ ಕೇಳಬೇಕು.

ಆದರೆ ಗೆರೆಯನ್ನು ಎಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗೆರೆಯ ಹಿಂದಿರುವ ತತ್ತ್ವವನ್ನು ಮರೆತರೆ ಗೆರೆಯನ್ನೂ ವಂಚಿಸಬಹುದು. ದಕ್ಷಿಣ ಕೊರಿಯಾದಲ್ಲಿ 2014ರ ಏಪ್ರಿಲ್ 16ರಂದು 'ಸೆವೊಲ್' ಎಂಬ ಪ್ರಯಾಣಿಕರ ಹಡಗು ಮುಳುಗಿತು. ಅದರಲ್ಲಿದ್ದ 476 ಜನರಲ್ಲಿ 304 ಜನ ಮಡಿದರು. ಮಡಿದವರಲ್ಲಿ 250 ಮಂದಿ ಪ್ರವಾಸಕ್ಕೆ ಹೊರಟಿದ್ದ ಒಂದೇ ಪ್ರೌಢಶಾಲೆಯ ವಿದ್ಯಾರ್ಥಿಗಳು. ಆ ಹಡಗಿಗೆ ಮೇಲ್ಭಾಗದಲ್ಲಿ ಹೊಸದಾಗಿ ಕೋಣೆಗಳನ್ನು ಕಟ್ಟಿದ್ದರು. ಅನುಮತಿಯಿದ್ದುದರ ಎರಡು ಪಾಲಿಗೂ ಮೀರಿ ಸರಕು ಹೇರಿದ್ದರು. ಅದನ್ನು ಸರಿಯಾಗಿ ಬಿಗಿದು ಕಟ್ಟಿರಲಿಲ್ಲ. ಇಷ್ಟು ಸರಕು ಹೇರಿದರೆ ಭಾರರೇಖೆ ನೀರಿನಲ್ಲಿ ಮುಳುಗಬೇಕಲ್ಲವೆ? ಅದು ಮುಳುಗದಂತೆ ಮಾಡಲು, ಹಡಗನ್ನು ನೆಟ್ಟಗೆ ನಿಲ್ಲಿಸಲೆಂದೇ ತಳದ ತೊಟ್ಟಿಗಳಲ್ಲಿ ತುಂಬಿಡುವ ನೀರನ್ನು ಕಡಮೆ ಮಾಡಿದ್ದರು. ಒಟ್ಟು ಭಾರ ಮಿತಿಯಲ್ಲಿರುವಂತೆ ಕಂಡಿತು. ಆದರೆ ತಗ್ಗಿನಲ್ಲಿರಬೇಕಾಗಿದ್ದ ಭಾರ ಎತ್ತರಕ್ಕೆ ಏರಿತ್ತು. ಹಡಗು ಕಡಿದಾಗಿ ತಿರುಗಿದಾಗ ಸರಕು ಜಾರಿ ಒಂದು ಪಕ್ಕಕ್ಕೆ ಸೇರಿತು. ವಾಲಿದ ಹಡಗು ಮತ್ತೆ ನೆಟ್ಟಗಾಗಲಿಲ್ಲ. ಮೊದಲನೆಯ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟವರನ್ನು ನೀರು ಎರಡನೆಯ ಪ್ರಶ್ನೆಯಲ್ಲಿ ಹಿಡಿಯಿತು. ತಪಾಸಣೆಯ ಅಧಿಕಾರಿಯನ್ನು ಒಂದು ಗೆರೆಯಿಂದ ವಂಚಿಸಬಹುದು. ನೀರು ನೋಡುವುದು ಗೆರೆಯನ್ನಲ್ಲ.

ಇಂಥವು ದೂರದೇಶದ ಕಥೆಗಳೆಂದು ಭಾವಿಸುವಂತಿಲ್ಲ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿಗಳ ದೋಣಿಯೊಂದು ಮಗುಚಿ 45 ಜನ ಮಡಿದರು. ದಡದಲ್ಲಿ ಕಾಣಿಸಿದ ಕಾಡುಪ್ರಾಣಿಗಳನ್ನು ನೋಡುವ ಆಸೆಯಿಂದ ಮೇಲಂತಸ್ತಿನ ಜನ ಒಂದೇ ಪಕ್ಕಕ್ಕೆ ನುಗ್ಗಿದ್ದು ಆ ಅನಾಹುತಕ್ಕೆ ದಾರಿಯಾಯಿತು. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯಲ್ಲಿ ಅದರ ಶಕ್ತಿಗೆ ಮೀರಿ ಜನ ತುಂಬಿದ್ದರು; ಅದು ಮಗುಚಿ 16 ಜನ ಕಡಲಪಾಲಾದರು. ಕಾಡಿನ ಚೆಲುವನ್ನು ಕಾಣಹೊರಟವರಲ್ಲಿ, ದೇವರ ದರ್ಶನ ಮಾಡಿ ಬಂದವರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಆದರೂ ನೀರು ತನ್ನ ಲೆಕ್ಕವನ್ನು ಬಿಡಲಿಲ್ಲ. ಇಲ್ಲಿ ವಾಸಾ ಹಡಗಿನ ರಾಜಭಯವಿಲ್ಲ. ಕೊರಿಯಾದ ಹಡಗಿನ ಲೆಕ್ಕದ ವಂಚನೆಯಿಲ್ಲ. ಒಬ್ಬರಿಗೊಬ್ಬರು ಸರಿದು ಜಾಗ ಕೊಡುವ, ಎಲ್ಲರೂ ಒಟ್ಟಿಗೆ ಹೋಗೋಣವೆನ್ನುವ ಸಹಜವಾದ ಮನಸ್ಸೂ ನೀರಿನ ಮೇಲೆ ಅಪಾಯಕ್ಕೆ ಎಡೆಗೊಡಬಲ್ಲದು.

ಇದಕ್ಕೆ ಎದುರಾಗಿ ಒಂದು ವಾದವುಂಟು, ಅದನ್ನು ತಳ್ಳಿಹಾಕುವಂತಿಲ್ಲ. ದೋಣಿಯನ್ನು ನಂಬಿದವರಲ್ಲಿ ಬಹುಮಂದಿ ಬೇರೆ ದಾರಿಯಿಲ್ಲದ ಬಡವರು. ಕತ್ತಲಾಗುತ್ತಿದೆ, ಕಡೆಯ ದೋಣಿ ಹೊರಡುತ್ತಿದೆ, ಆಚೆಯ ದಡದಲ್ಲಿ ಮನೆಯಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಅಂಥವರಿಗೆ 'ನಾಳೆ ಬಾ' ಎನ್ನುವುದು ಹೇಗೆ? ಅಂಬಿಗನಾದರೂ ಒಂದೊಂದು ತಲೆಗೆ ಬರುವ ಕಾಸಿನಿಂದ ಸಂಸಾರ ನಡೆಸತಕ್ಕವನು. ನಿಯಮವನ್ನು ವಿಧಿಸುವವರು ಸೇತುವೆಯ ಮೇಲೆ ಕಾರಿನಲ್ಲಿ ಹೋಗುತ್ತಾರೆ. ನಿಯಮದ ಹೊರೆ ಬೀಳುವುದು ದೋಣಿಯವರ ಮೇಲೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಈ ಸತ್ಯ ಕೇಳುವುದು ಇನ್ನೊಂದು ದೋಣಿಯನ್ನು, ಇನ್ನೊಂದು ಸರದಿಯನ್ನು, ಕೊನೆಗೆ ಒಂದು ಸೇತುವೆಯನ್ನು. ಅದೇ ದೋಣಿಗೆ ಇನ್ನೂ ಹತ್ತು ಜನರನ್ನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹಬ್ಬಿದ ಮೇಲೆ ಸಿಗಂದೂರಿನ ಕಡೆಯ ಹಳ್ಳಿಗಳ ಜನ ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ. ಬಡವನ ಬಗೆಗಿನ ಕರುಣೆ ಇಂಥ ಕೆಲಸಗಳಲ್ಲಿ ಪ್ರಕಟವಾಗಬೇಕು. ಸಮಾಜ ತಾನು ಮಾಡಬೇಕಾದ ವೆಚ್ಚವನ್ನು ಮಾಡದೆ ಆ ಸಾಲವನ್ನು ನೀರಿನ ಮೇಲೆ ಹೊರಿಸಿದರೆ ನೀರು ಅದನ್ನು ಬಡವನಿಂದಲೇ ವಸೂಲು ಮಾಡುತ್ತದೆ.

ಮಾಡಬೇಕಾದದ್ದು ಕಷ್ಟವಾದುದೂ ಅಲ್ಲ, ಬಹಳ ವೆಚ್ಚದ್ದೂ ಅಲ್ಲ. ಪ್ರತಿಯೊಂದು ದೋಣಿಯ ಮೇಲೆಯೂ ಅದು ಹೊರಬಲ್ಲ ಜನರ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆದಿರಬೇಕು. ಆ ಸಂಖ್ಯೆ ತುಂಬಿದ ಮೇಲೆ ಒಬ್ಬರನ್ನೂ ಹತ್ತಿಸತಕ್ಕದ್ದಲ್ಲ. ಪ್ರತಿಯೊಬ್ಬ ಪ್ರಯಾಣಿಕನಿಗೂ ತೇಲುವ ಅಂಗಿ ಇರಬೇಕು. ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಸಮೀಪ. ಆದುದರಿಂದ ಕೆಲವೇ ಕಿಲೋಗ್ರಾಂಗಳಷ್ಟು ಹೆಚ್ಚಿನ ಆಸರೆ ದೊರೆತರೂ ಮುಖ ನೀರಿನಿಂದ ಮೇಲೆ ನಿಲ್ಲುತ್ತದೆ, ಉಸಿರು ಉಳಿಯುತ್ತದೆ. ಅದನ್ನು ಧರಿಸಲು ನಾಚುವುದು, ಈಜು ಬಲ್ಲೆನೆಂಬ ಬಿಂಕದಿಂದ ಬದಿಗಿಡುವುದು ಅವಿವೇಕ. 1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಭಾರತಕ್ಕೆ 2021ರಲ್ಲಿ ಒಳನಾಡಿನ ಹಡಗುಗಳ ಹೊಸ ಕಾಯ್ದೆ ಬಂದಿದೆ. ಆದರೆ ಕಾಯ್ದೆಯ ಪುಸ್ತಕ ಎಲ್ಲ ಹೊಳೆಗಳ ಎಲ್ಲ ದಡಗಳಲ್ಲಿಯೂ ಬಂದು ನಿಲ್ಲಲಾರದು. ದಡದಲ್ಲಿ ನಿಂತಿರುವವರು ಅಂಬಿಗ ಮತ್ತು ಪ್ರಯಾಣಿಕರು. ಕಾಯ್ದೆಗೆ ಜೀವ ಬರುವುದು ಅವರಿಂದ.

ಅಂಬಿಗನ ಮಾತಿಗೆ ಮರ್ಯಾದೆ ಸಲ್ಲಬೇಕು. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬುದು ಲೋಕದ ಕೃತಘ್ನತೆಯನ್ನು ತೋರುವ ಗಾದೆ. ಹೊಳೆ ದಾಟುವ ಮೊದಲೇ ಅವನ ಮಾತನ್ನು ಮೀರುವವರು ಇನ್ನೂ ಮೂಢರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ಮುಖ ನೋಡಿ ಮಾತನಾಡದ ನಿಷ್ಠುರತೆಗೆ ಹೆಸರಾದವನು. ಅವನದು ದೋಣಿ ನಡೆಸುವ ಕಾಯಕ. ಆ ಕಾಯಕಕ್ಕೆ ಆ ನಿಷ್ಠುರತೆ ಒಪ್ಪುತ್ತದೆ. ಊರಿನ ದೊಡ್ಡವರು ಬಂದು 'ನಮ್ಮವರು ನಾಲ್ವರನ್ನು ಹತ್ತಿಸಿಕೋ' ಎಂದಾಗ 'ಆಗದು' ಎನ್ನಬಲ್ಲ ಅಂಬಿಗ ಒರಟನಲ್ಲ, ಪ್ರಾಣರಕ್ಷಕ. ಹಾಗೆ ಹೇಳಿದ್ದಕ್ಕಾಗಿ ಅವನು ಬೈಗುಳವನ್ನೋ ನಷ್ಟವನ್ನೋ ಅನುಭವಿಸುವಂತಾದರೆ ಅದು ಇಡೀ ಊರಿನ ಅಪರಾಧ.

ಪ್ಲವನ ಬಲದ ಪಾಠವನ್ನು ಕಲಿತ ವಿದ್ಯಾರ್ಥಿಗೆ ಎರಡು ಪರೀಕ್ಷೆಗಳಿರುತ್ತವೆ. ಒಂದು ಶಾಲೆಯ ಕೊಠಡಿಯಲ್ಲಿ ನಡೆಯುವುದು. ಅಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ತಪ್ಪಿಲ್ಲದೆ ಬರೆದರೆ ಅಂಕಗಳು ದೊರೆಯುತ್ತವೆ. ತಪ್ಪಿದರೆ ಮುಂದಿನ ಬಾರಿ ತಿದ್ದಿಕೊಳ್ಳಬಹುದು. ಇನ್ನೊಂದು ಎಂದಾದರೊಂದು ದಿನ ಯಾವುದೋ ಹೊಳೆಯ ದಡದಲ್ಲಿ, ಕೆರೆಯ ಅಂಚಿನಲ್ಲಿ, ಸಂತೋಷದ ಪ್ರವಾಸದ ನಡುವೆ ನಡೆಯುವುದು. ಗೆಳೆಯರೆಲ್ಲ ದೋಣಿಯಲ್ಲಿ ಕುಳಿತಿರುತ್ತಾರೆ. ಅಂಚು ನೀರಿಗೆ ನಾಲ್ಕು ಬೆರಳಿಗೆ ಬಂದಿರುತ್ತದೆ. 'ಬಾ, ಜಾಗವಿದೆ' ಎಂದು ಕೈಗಳು ಚಾಚುತ್ತವೆ. ಆಗ 'ಮುಂದಿನ ಸರದಿಗೆ ಬರುತ್ತೇನೆ' ಎಂದು ದಡದಲ್ಲಿ ನಿಲ್ಲಬಲ್ಲ ಹುಡುಗಿಯೋ ಹುಡುಗನೋ ಆ ತತ್ತ್ವವನ್ನು ನಿಜವಾಗಿ ಕಲಿತವರು. ಜೊತೆಯವರು ನಕ್ಕಾರು, ಅಂಜುಬುರುಕರೆಂದಾರು. ಆದರೆ ದೋಣಿಯಲ್ಲಿದ್ದವರೆಲ್ಲರ ಮೇಲೆ ಅವರು ತೋರಿದ ಕರುಣೆ ಅದು. ಆ ಕೆಲವು ನಿಮಿಷಗಳ ನಿಷ್ಠುರತೆಯಲ್ಲಿ ದಾಕ್ಷಿಣ್ಯಕ್ಕಿಂತ ದೊಡ್ಡದಾದ ಒಂದು ಪ್ರೀತಿಯಿದೆ. ದಾಕ್ಷಿಣ್ಯ ತೋರುವುದಿದ್ದರೆ ಎರಡನೆಯ ದೋಣಿಯನ್ನು ತಂದು ತೋರಬೇಕು.